ಒಂದೇ ಕೊಳದ ಊರಲ್ಲ

ಮೇಲುಕೋಟೆಗೆ ಹೊಳೆಯಿಲ್ಲ. ಕಾವೇರಿ ದೂರದ ತಗ್ಗಿನಲ್ಲಿ ಶ್ರೀರಂಗಪಟ್ಟಣವನ್ನು ಬಳಸಿ ಹರಿದುಹೋಗುತ್ತಾಳೆ. ಬೆಟ್ಟವನ್ನೇರಿ ಬರುವ ಅಭ್ಯಾಸ ಅವಳಿಗಿಲ್ಲ. ಬಂಡೆಯ ಮೇಲೆ ಸುರಿದ ಮಳೆಯನ್ನು ಹಿಡಿದಿಟ್ಟುಕೊಂಡರೆ ಆ ಊರಿನಲ್ಲಿ ನೀರುಂಟು, ಬಿಟ್ಟರೆ ಇಲ್ಲ. ಆದುದರಿಂದಲೇ ಅಲ್ಲಿ ಎತ್ತ ತಿರುಗಿದರೂ ಒಂದು ಕೊಳ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಒಂದು ದಿನದ ಮಟ್ಟಿಗೆ ಬಂದ ಸಂಸಾರಗಳು ಕಲ್ಯಾಣಿಯ ಮೆಟ್ಟಿಲ ಮೇಲೆ ಚಿತ್ರ ತೆಗೆಸಿಕೊಂಡು, ಯೋಗಾನರಸಿಂಹನ ಬೆಟ್ಟ ಹತ್ತಿ ಇಳಿದು, ಪುಳಿಯೋಗರೆಯ ಪೊಟ್ಟಣದೊಂದಿಗೆ ಮರಳಿಬಿಡುತ್ತವೆ. ಬಂಡೆಗಳ ಮರೆಯಲ್ಲಿ, ಹಳೆಯ ಮಂಟಪಗಳ ಹಿಂದೆ ಅಡಗಿರುವ ಉಳಿದ ಕೊಳಗಳು ಅವರ ಕಣ್ಣಿಗೆ ಬೀಳುವುದಿಲ್ಲ. ನೂರೆಂಟು ಕೊಳಗಳ ಊರೆಂದು ಸ್ಥಳದವರ ಮಾತು. ನೂರೆಂಟು ಎಂಬುದು ಈ ನಾಡಿನಲ್ಲಿ ಲೆಕ್ಕವೂ ಹೌದು, ‘ಲೆಕ್ಕವಿಲ್ಲದಷ್ಟು’ ಎಂಬುದರ ಮರ್ಯಾದೆಯ ರೂಪವೂ ಹೌದು; ಎಣಿಸಿ ನೋಡುವ ಗೋಜು ಬೇಡ.

ಇಷ್ಟೊಂದು ಕೊಳಗಳೇಕೆ? ಒಂದು ದೊಡ್ಡ ಕೆರೆಯನ್ನೇ ಕಟ್ಟಿಬಿಟ್ಟಿದ್ದರೆ ಆಗುತ್ತಿರಲಿಲ್ಲವೇ? ಹೀಗೆ ಕೇಳುವವರು ವೈರಮುಡಿಯ ರಾತ್ರಿಯನ್ನು ಒಮ್ಮೆ ನೆನೆಯಬೇಕು. ಚೆಲುವನಾರಾಯಣನ ಆ ಉತ್ಸವಕ್ಕೆ ಲಕ್ಷಗಟ್ಟಲೆ ಜನ ಬೆಟ್ಟ ಹತ್ತುತ್ತಾರೆ. ಅಷ್ಟು ಜನವೂ ಬಿಂದಿಗೆ ಹಿಡಿದು ಒಂದೇ ಕೊಳಕ್ಕೆ ಇಳಿದರೆ, ಕೊಳ ತುಂಬಿ ತುಳುಕುತ್ತಿದ್ದರೂ ಒಬ್ಬರಿಗೂ ಸರಿಯಾಗಿ ನೀರು ದಕ್ಕುವುದಿಲ್ಲ. ಕೊರತೆ ನೀರಿನದಲ್ಲ, ಮೆಟ್ಟಿಲಿನದು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೈಗಳು ಅಲ್ಲಲ್ಲಿ ಕೊಳ ತೋಡಿದುದರಿಂದ ನೀರು ಹೆಚ್ಚಿತೋ ಇಲ್ಲವೋ, ಮೆಟ್ಟಿಲಂತೂ ಹೆಚ್ಚಿತು.

ಗಣಕಯಂತ್ರಗಳ ಲೋಕದಲ್ಲಿ ಈ ಮೆಟ್ಟಿಲಿಗೆ ಬ್ಯಾಂಡ್‌ವಿಡ್ತ್ ಎಂದು ಹೆಸರು. ಒಂದು ಸೆಕೆಂಡಿನಲ್ಲಿ ಒಂದು ತಂತಿಯ ಮೂಲಕ ಎಷ್ಟು ಮಾಹಿತಿ ಹಾದುಹೋಗಬಲ್ಲುದೆಂಬ ಅಳತೆ ಅದು. ತಂತ್ರಾಂಶಕ್ಕೆ ಬರವಿಲ್ಲ. ಒಂದು ಪ್ರತಿಯಿಂದ ಸಾವಿರ ಪ್ರತಿ ತೆಗೆದರೂ ಮೂಲದಲ್ಲಿ ಒಂದಕ್ಷರ ಕಡಿಮೆಯಾಗುವುದಿಲ್ಲ. ಆದರೆ ಆ ಸಾವಿರ ಮಂದಿ ಒಟ್ಟಿಗೆ ಒಂದೇ ಬಾಗಿಲಿಗೆ ಬಂದು ನಿಂತರೆ, ಬಾಗಿಲಲ್ಲಿ ಉಸಿರು ಕಟ್ಟುತ್ತದೆ. ಹಣ ತೆಗೆದುಕೊಂಡು ತಂತ್ರಾಂಶ ಮಾರುವ ಸಂಸ್ಥೆಗಳು ಬಂದ ಹಣದಲ್ಲೇ ಬಾಗಿಲನ್ನು ಅಗಲ ಮಾಡಿಸಿಕೊಳ್ಳುತ್ತವೆ. ಯಾರಿಂದಲೂ ಕಾಸು ಕೇಳದ ಸ್ವತಂತ್ರ ತಂತ್ರಾಂಶದವರ ಗತಿಯೇನು? ಅವರು ಮೂವತ್ತು ವರ್ಷಗಳಿಗೂ ಹಿಂದೆಯೇ ಮೇಲುಕೋಟೆಯವರ ದಾರಿ ಹಿಡಿದರು. ಸ್ವಂತ ಇಚ್ಛೆಯಿಂದ ಮುಂದೆ ಬಂದವರ ಕೈಗೆ ಇಡೀ ಭಂಡಾರದ ಒಂದೊಂದು ಪ್ರತಿಯನ್ನು ಕೊಟ್ಟು, ‘ನಿಮ್ಮ ಸುತ್ತಿನವರಿಗೆ ನೀವು ಹಂಚಿ’ ಎಂದರು. ಇಂಥ ಪ್ರತಿಭಂಡಾರಕ್ಕೆ ಮಿರರ್, ಅಂದರೆ ಕನ್ನಡಿ, ಎಂಬ ಹೆಸರು ನಿಂತಿತು.

ಇದೆಲ್ಲ ಪಂಡಿತರ ವಿಷಯ, ಸಂಸಾರಸ್ಥರಿಗೇಕೆ ಎನ್ನುವಂತಿಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮುಂದಿನ ಆವೃತ್ತಿಯನ್ನು ಹೊರುವ ಯೋಗ್ಯತೆ ಇಲ್ಲವೆಂದು ಎಷ್ಟೋ ಮನೆಗಳ ಕಂಪ್ಯೂಟರುಗಳು ಏಕಾಏಕಿ ಮುದಿಯಾದುವು. ಗುಂಡಿ ಒತ್ತಿದರೆ ಹೊತ್ತಿಕೊಳ್ಳುತ್ತದೆ, ಪರದೆ ಸರಿಯಾಗಿದೆ, ಮಗಳ ಪಾಠಕ್ಕೂ ಮನೆಯ ಲೆಕ್ಕಪತ್ರಕ್ಕೂ ಸಾಕು. ಆದರೂ ಹೊಸದು ಕೊಳ್ಳಿ ಎಂದು ಅಂಗಡಿಯವರ ಉಪದೇಶ. ಐವತ್ತು ಸಾವಿರ ರೂಪಾಯಿಯನ್ನು ಎಲ್ಲಿಂದ ತರುವುದೆಂದು ಯಜಮಾನರು ತಲೆಯ ಮೇಲೆ ಕೈ ಹೊತ್ತು ಕುಳಿತಿರುವಾಗ, ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ “ಬೇಡ ಬಿಡಪ್ಪ, ಲಿನಕ್ಸ್ ಹಾಕ್ಕೊಡ್ತೀನಿ” ಎಂದು ಹೇಳಿ, ರಾತ್ರಿ ಮಲಗುವ ಮುನ್ನ ಏನನ್ನೋ ಇಳಿಸಲು ಹಚ್ಚಿ, ಬೆಳಗಿನ ಕಾಫಿಯ ಹೊತ್ತಿಗೆ ಹಳೆಯ ಯಂತ್ರಕ್ಕೆ ಮರುಹುಟ್ಟು ಕೊಡುತ್ತಾನೆ. ಇಂಥ ದೃಶ್ಯ ಈಗ ಅಪರೂಪವೇನಲ್ಲ. ಆ ರಾತ್ರಿ ಇಳಿದುಬಂದ ನಾಲ್ಕು ಗಿಗಾಬೈಟು ಎಲ್ಲಿಂದ ಬಂತು, ಯಾರು ಕೊಟ್ಟರು, ಅವರಿಗೇನು ಲಾಭ ಎಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಮಗನೂ ಕೇಳುವುದಿಲ್ಲ.

ಮೂಲದ ಕಥೆ ಫಿನ್ಲೆಂಡಿನದು. ಬಳಸುವ, ಬಿಚ್ಚಿ ನೋಡುವ, ತಿದ್ದುವ, ಹಂಚುವ ಸ್ವಾತಂತ್ರ್ಯವುಳ್ಳ ತಂತ್ರಾಂಶವನ್ನು ಕಟ್ಟುವುದಾಗಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಸಾರಿದುದು 1983ರಲ್ಲಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಬರೆದ ಲಿನಕ್ಸನ್ನು ಆ ದೇಶದ ವಿಶ್ವವಿದ್ಯಾಲಯಗಳ ಜಾಲಕ್ಕೆ ಸೇರಿದ ಒಂದು ಸರ್ವರಿನಲ್ಲಿ ಇರಿಸಿದ. ಅಲ್ಲಿಂದ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋಗುತ್ತಿದ್ದ ಸಂಪರ್ಕ ಆಗ ಬಹಳ ಇಕ್ಕಟ್ಟು. ಅಮೆರಿಕದವರೆಲ್ಲ ಒಬ್ಬೊಬ್ಬರಾಗಿ ಸಮುದ್ರದಾಚೆಯ ಬಾಗಿಲು ತಟ್ಟುವುದೇಕೆಂದು ಎಂ.ಐ.ಟಿ.ಯಲ್ಲಿದ್ದ ತಿಯೋಡರ್ ಚೋ ಎಂಬ ತರುಣ ಒಂದು ಪ್ರತಿಯನ್ನು ತರಿಸಿ ತನ್ನಲ್ಲಿಟ್ಟು, ಅಲ್ಲಿನವರಿಗೆಲ್ಲ ಹಂಚತೊಡಗಿದ. ಸಮುದ್ರವನ್ನು ಒಮ್ಮೆ ದಾಟಿದರೆ ಸಾಕು, ಉಳಿದುದು ಒಳನಾಡಿನ ಸಂಚಾರ. ಇಂದಿಗೂ ಈ ಏರ್ಪಾಟಿನ ಒಟ್ಟು ತಿರುಳು ಇಷ್ಟೇ.

ಲೆಕ್ಕ ಹಾಕಿ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಹೊಸ ಆವೃತ್ತಿ ಬಿಡುಗಡೆಯಾದ ದಿನ 4 ಗಿಗಾಬೈಟಿನ ಕಡತವನ್ನು 10,000 ಮಂದಿ ಬಯಸುತ್ತಾರೆಂದು ಇಟ್ಟುಕೊಳ್ಳೋಣ. ಒಟ್ಟು 40 ಟೆರಾಬೈಟು. ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ಒಂದೇ ಸರ್ವರು, ಒಂದು ಕ್ಷಣವೂ ದಣಿಯದೆ ದುಡಿದರೂ, ಇದನ್ನು ಬಡಿಸಿ ಮುಗಿಸಲು 3,20,000 ಸೆಕೆಂಡು, ಅಂದರೆ ಮೂರೂವರೆ ದಿನಕ್ಕೂ ಮಿಕ್ಕಿ ಹಿಡಿಯುತ್ತದೆ. ಅಷ್ಟೇ ಶಕ್ತಿಯ ನಲವತ್ತು ಕನ್ನಡಿಗಳು ಹಂಚಿಕೊಂಡರೆ ಒಂದೊಂದರ ಪಾಲಿಗೆ 250 ಮಂದಿ; ಎರಡೂಕಾಲು ಗಂಟೆಯೊಳಗೆ ಪಂಕ್ತಿ ಏಳುತ್ತದೆ.

ಆದರೆ ಹತ್ತು ಸಾವಿರ ಜನರನ್ನು ನಲವತ್ತು ಕಡೆಗೆ ಕಳುಹಿಸುವವರು ಯಾರು? ಮದುವೆಮನೆಯ ಊಟದ ಬಾಗಿಲಲ್ಲಿ ಹೆಣ್ಣಿನ ಸೋದರಮಾವ ನಿಂತಿರುತ್ತಾನಲ್ಲ, ಅಂಥವನೊಬ್ಬ ಇಲ್ಲಿಯೂ ಉಂಟು. ಅವನ ಕೈಯಲ್ಲಿ ಸೌಟಿಲ್ಲ. ಯಾವ ಸಾಲಿನಲ್ಲಿ ಎಲೆ ತೆರವಾಗಿದೆ, ಯಾವ ಸಾಲಿಗೆ ಅನ್ನ ಬಂದಿದೆ, ಬಂದ ಅತಿಥಿಗೆ ಯಾವುದು ಹತ್ತಿರ ಎಂದು ನೋಡಿ ‘ನೀವು ಅತ್ತ ನಡೆಯಿರಿ’ ಎಂದು ಕೈ ತೋರಿಸುವುದಷ್ಟೇ ಅವನ ಕೆಲಸ. ಕೇಳಿದ ಯಂತ್ರದ ವಿಳಾಸದಿಂದ ಅದು ಯಾವ ದೇಶದಲ್ಲಿದೆಯೆಂದು ಈ ಬಾಗಿಲು ಕಾಯುವ ತಂತ್ರಾಂಶ ಊಹಿಸುತ್ತದೆ. ಸಮೀಪದ ಕನ್ನಡಿಗಳಲ್ಲಿ ಯಾವುದು ಎಚ್ಚರವಾಗಿದೆ, ಬೇಕಾದ ಕಡತ ಯಾವುದರಲ್ಲಿದೆ ಎಂದು ಮೊದಲೇ ವಿಚಾರಿಸಿಟ್ಟುಕೊಂಡಿರುತ್ತದೆ. ಅಗಲವಾದ ಬಾಗಿಲುಳ್ಳ ಕಡೆಗೆ ಹೆಚ್ಚು ಜನರನ್ನೂ ಕಿರಿದಾದ ಕಡೆಗೆ ಕಡಿಮೆ ಜನರನ್ನೂ ಕಳುಹಿಸುತ್ತದೆ. ಇಷ್ಟೆಲ್ಲ ವಿಚಾರಣೆ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಮಂಡ್ಯದ ಹುಡುಗನಿಗೆ ತಾನು ಒತ್ತಿದ್ದು ಒಂದೇ ಗುಂಡಿ ಎಂದಷ್ಟೇ ಗೊತ್ತು.

ಕನ್ನಡಿಗಳು ಮೂಲದೊಂದಿಗೆ ಹೊಂದಿಕೊಂಡಿರಬೇಕಾದುದೂ ಸಣ್ಣ ಕೆಲಸವಲ್ಲ. ಇಡೀ ಭಂಡಾರವನ್ನು ದಿನವೂ ಹೊಸದಾಗಿ ತರಿಸಿಕೊಳ್ಳುವುದು ಆಗುಹೋಗದ ಮಾತು. 1996ರಲ್ಲಿ ಆಸ್ಟ್ರೇಲಿಯದ ಆ್ಯಂಡ್ರ್ಯೂ ಟ್ರಿಜೆಲ್, ಪಾಲ್ ಮೆಕೆರಾಸ್ ಎಂಬಿಬ್ಬರು ಆರ್‌ಸಿಂಕ್ ಎಂಬ ಉಪಕರಣವನ್ನು ಹೊರತಂದರು. ಎರಡು ಪ್ರತಿಗಳ ನಡುವೆ ಬದಲಾದ ಭಾಗವನ್ನು ಮಾತ್ರ ಗುರುತಿಸಿ ಕಳುಹಿಸುವ ಜಾಣತನ ಅದರದು. ಇದರಲ್ಲಿಯೂ ಒಂದು ಕ್ರಮವುಂಟು. ಡೆಬಿಯನ್ ಬಳಗದ ಕನ್ನಡಿಗಳು ಹೊಸ ಸಾಮಗ್ರಿಗಳನ್ನೆಲ್ಲ ಮೊದಲು ತರಿಸಿಟ್ಟುಕೊಂಡು, ಸೂಚಿಪತ್ರವನ್ನು ಕಟ್ಟಕಡೆಗೆ ಬದಲಾಯಿಸುತ್ತವೆ. ತಿರುಗುಮುರುಗಾದರೆ ಪಟ್ಟಿಯಲ್ಲಿ ಹೆಸರಿದ್ದು ಉಗ್ರಾಣದಲ್ಲಿ ಪದಾರ್ಥವಿಲ್ಲದಂತಾಗುತ್ತದೆ. ಅಡುಗೆಯಾಗುವ ಮೊದಲೇ ಎಲೆ ಹಾಕಿ ಜನರನ್ನು ಕೂರಿಸಿದ ಮನೆಯ ಫಜೀತಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭಾರತಕ್ಕೆ ಈ ಭಾಗ್ಯ ತಡವಾಗಿ ಬಂತು. ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತುದು 1995ರ ಆಗಸ್ಟ್ 15ರಂದು. ದೂರವಾಣಿಯ ತಂತಿಯನ್ನೇ ಬಳಸುತ್ತಿದ್ದ ಮುಂದಿನ ವರ್ಷಗಳ ಸಂಪರ್ಕದಲ್ಲಿ, ಸೆಕೆಂಡಿಗೆ 56 ಕಿಲೋಬಿಟ್ ಎಂಬ ಪೂರ್ತಿ ವೇಗ ಸಿಕ್ಕಿದರೂ (ಸಿಗುತ್ತಿರಲಿಲ್ಲ) ಒಂದು ಸಿ.ಡಿ.ಯಷ್ಟು ತಂತ್ರಾಂಶ ಇಳಿಯಲು ಒಂದು ಹಗಲೂ ಒಂದು ರಾತ್ರಿಯೂ ಸಾಲದು. ನಡುವೆ ಅತ್ತೆಮನೆಯಿಂದ ಕರೆ ಬಂದರೆ ಎಲ್ಲವೂ ಕಡಿದುಹೋಗಿ ಮೊದಲಿನಿಂದ ಆರಂಭ. ಆಗ ಇಲ್ಲಿನ ಕನ್ನಡಿ ಸರ್ವರುಗಳ ಕೆಲಸವನ್ನು ಮನುಷ್ಯರೇ ಮಾಡಿದರು. ಪತ್ರಿಕೆಗಳೊಂದಿಗೆ ಬಂದ ಸಿ.ಡಿ.ಗಳು ಕೈಯಿಂದ ಕೈಗೆ ದಾಟಿದುವು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮಾವೇಶ ಆರಂಭವಾಗಿ, 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ ಮುಂದುವರಿದು, ನಾಡಿನ ತರುಣರನ್ನು ಒಂದೆಡೆ ಕೂಡಿಸಿತು. ಉಬುಂಟುವಿನವರು 2005ರಿಂದ 2011ರವರೆಗೆ ಬರೆದು ಕೇಳಿದವರಿಗೆಲ್ಲ ಅಂಚೆಯಲ್ಲಿ ಉಚಿತವಾಗಿ ಸಿ.ಡಿ. ಕಳುಹಿಸುತ್ತಿದ್ದರು. ವಿದೇಶದ ಅಂಚೆಚೀಟಿಯ ಲಕೋಟೆ ಮನೆಗೆ ಬಂದಾಗ ನೆರೆಹೊರೆಯವರಿಗೆ ಎಷ್ಟು ಕುತೂಹಲವೋ!

ಇನ್ನೊಂದು ವಿಚಿತ್ರವೂ ಆ ಕಾಲದಲ್ಲಿತ್ತು. ಭಾರತದ ಒಂದು ಕಂಪನಿಯ ಗಿರಾಕಿಯಿಂದ ಇನ್ನೊಂದು ಕಂಪನಿಯ ಗಿರಾಕಿಗೆ ಹೊರಟ ಮಾಹಿತಿ ಬಹಳ ಸಲ ಪರದೇಶಕ್ಕೆ ಹೋಗಿ ಹಿಂದಿರುಗುತ್ತಿತ್ತು. ಮೇಲುಕೋಟೆಯಿಂದ ಪಾಂಡವಪುರಕ್ಕೆ ಮುಂಬಯಿಯ ಮೇಲೆ ಹಾದು ಹೋದಂತೆ! ದೇಶದೊಳಗಿನ ಸಂಚಾರ ದೇಶದೊಳಗೇ ತಿರುಗಲೆಂದು 2003ರಲ್ಲಿ ನಿಕ್ಸಿ ಎಂಬ ವಿನಿಮಯ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿಂದೀಚೆಗೆ ಇಲ್ಲಿಯೇ ಇರುವ ಕನ್ನಡಿಗೆ ನಿಜವಾದ ಅರ್ಥ ಬಂತು. ಕಾನ್ಪುರ, ಮದರಾಸುಗಳ ಐ.ಐ.ಟಿ.ಗಳು ಇಂಥ ಭಂಡಾರಗಳನ್ನು ನಡೆಸಿ ಎಷ್ಟೋ ಕಾಲೇಜುಗಳ ದಾಹವನ್ನು ತಣಿಸಿದುವು.

ಕನ್ನಡಕ್ಕೂ ಇದರಲ್ಲಿ ಪಾಲುಂಟು. ‘ಗುಬ್ಬಿ’, ‘ನವಿಲು’ ಎಂಬ ಸ್ವತಂತ್ರ ಕನ್ನಡ ಅಕ್ಷರವಿನ್ಯಾಸಗಳು ಡೆಬಿಯನ್ ಭಂಡಾರದಲ್ಲಿವೆ. ಅಲ್ಲಿ ಸೇರಿದ ಮೇಲೆ ಜಗತ್ತಿನ ಎಲ್ಲ ಕನ್ನಡಿಗಳಿಗೂ ಅವು ತಾವಾಗಿಯೇ ಹೋಗಿ ಕುಳಿತುವು. ಜರ್ಮನಿಯಲ್ಲಿ ನೆಲೆಸಿದ ಕನ್ನಡದ ಗೃಹಿಣಿಯೊಬ್ಬಳು ಊರಿಗೆ ಪತ್ರ ಬರೆಯಲು ‘ನವಿಲ’ನ್ನು ಕರೆದರೆ, ಅದು ಅಲ್ಲಿನ ಯಾವುದೋ ವಿಶ್ವವಿದ್ಯಾಲಯದ ನೆಲಮಾಳಿಗೆಯಿಂದ ಹಾರಿಬರುತ್ತದೆ. ಆ ನೆಲಮಾಳಿಗೆಯನ್ನು ಕಾಯುವವನಿಗೆ ಕನ್ನಡದ ಒಂದಕ್ಷರವೂ ಬಾರದು.

ಇಷ್ಟು ಜನರ ಕೈ ಹಾದು ಬಂದ ವಸ್ತು ಶುದ್ಧವೆಂದು ನಂಬುವುದು ಹೇಗೆ? ಗುರುತಿಲ್ಲದವರು ಕೊಟ್ಟ ನೀರನ್ನು ಕುಡಿಯುವ ಮುನ್ನ ಯಾರಾದರೂ ಕೇಳುವ ಪ್ರಶ್ನೆ ಇದು. ಮೇಲುಕೋಟೆಯಲ್ಲಿ ಅಕ್ಕ–ತಂಗಿ ಕೊಳಗಳೆಂದು ಎರಡುಂಟು, ಪಕ್ಕಪಕ್ಕದಲ್ಲೇ ಇವೆ. ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದು ಅಲ್ಲವೆಂದು ಊರಿನವರು ಹೇಳುತ್ತಾರೆ. ದಡದಲ್ಲಿ ನಿಂತ ಪರಸ್ಥಳದವನಿಗೆ ಎರಡೂ ಒಂದೇ. ಬಲ್ಲವರನ್ನು ಕೇಳಿದ ಹೊರತು ಅವನಿಗೆ ಬೇರೆ ದಾರಿಯಿಲ್ಲ.

ಕನ್ನಡಿಗಳ ವಿಷಯದಲ್ಲಿ ಬಲ್ಲವರ ಬಾಯಿಮಾತಿನ ಬದಲು ಒಂದು ಅಂಕೆಯಿದೆ. ಇಡೀ ಕಡತವನ್ನು ಒಂದು ಗಣಿತದ ಗಾಣಕ್ಕೆ ಹಾಕಿ ಅರೆದರೆ ಅರವತ್ತುನಾಲ್ಕು ಚಿಹ್ನೆಗಳ ಒಂದು ಸಾಲು ಹೊರಬರುತ್ತದೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಗುರುತೇ ಸಿಗದಂತೆ ಬೇರೆಯಾಗುತ್ತದೆ. ಮೂಲದವರು ಸರಿಯಾದ ಸಾಲುಗಳ ಪಟ್ಟಿಗೆ ತಮ್ಮ ರುಜು ಹಾಕಿ ಪ್ರಕಟಿಸುತ್ತಾರೆ. ಪಡೆದವರು ಅರೆದು ತಾಳೆ ನೋಡುತ್ತಾರೆ. ಹೀಗಾಗಿ ಕೊಟ್ಟವನು ಯಾರೆಂಬ ಚಿಂತೆಯೇ ಬೇಡ.

ಈ ಉಪಾಯ ಹೊಸದೆಂದು ಪಶ್ಚಿಮದವರು ಬೀಗಬೇಕಾಗಿಲ್ಲ. ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ರಾಶಿರಾಶಿ ಓಲೆಗರಿಯ ಕಟ್ಟುಗಳಿವೆ. ಇಂಥ ಗ್ರಂಥಗಳು ಉಳಿದುಬಂದುದೇ ಊರೂರಿನಲ್ಲಿ ಪ್ರತಿ ಮಾಡಿಟ್ಟುಕೊಂಡವರಿಂದ. ಒಂದು ಮನೆಯಲ್ಲಿ ಗೆದ್ದಲು ತಿಂದುದು ಇನ್ನೊಂದು ಮಠದಲ್ಲಿ ಕ್ಷೇಮವಾಗಿರುತ್ತಿತ್ತು. ಪ್ರತಿ ಪೂರ್ತಿಯಾಗಿದೆಯೇ ಎಂದು ತಿಳಿಯಲು ಹಿಂದಿನವರು ಮೂವತ್ತೆರಡು ಅಕ್ಷರಕ್ಕೆ ಒಂದು ‘ಗ್ರಂಥ’ವೆಂದು ಎಣಿಸಿ, ಮೊತ್ತವನ್ನು ಕೊನೆಯಲ್ಲಿ ಬರೆದಿಡುತ್ತಿದ್ದರು. ಲಿಪಿಕಾರನ ಕೂಲಿಗೂ ಅದೇ ಲೆಕ್ಕ. ವೇದವನ್ನು ಪದ, ಕ್ರಮ, ಜಟೆ, ಘನ ಎಂದು ಹಿಂದುಮುಂದಾಗಿ ಹೆಣೆದು ಹೇಳುವ ಪಾಠಗಳಿಂದ ಒಂದು ಸ್ವರ ಜಾರಿದರೂ ಹಿಡಿದುಬಿಡಬಹುದು. ಲಿಪಿಕಾರನಾದರೋ ಕಡೆಯಲ್ಲಿ, ತಾನು ಕಂಡುದನ್ನು ಕಂಡಂತೆ ಬರೆದಿರುವುದಾಗಿಯೂ, ದೋಷವಿದ್ದರೆ ಅದು ಮೂಲದ್ದೇ ಹೊರತು ತನ್ನದಲ್ಲವೆಂದೂ ನಿವೇದಿಸಿಕೊಳ್ಳುವುದು ವಾಡಿಕೆ. ಕನ್ನಡಿಯ ಧರ್ಮವೂ ಇದೇ. ಅದರ ಮಿತಿಯೂ ಇದೇ. 2024ರ ಮಾರ್ಚಿಯಲ್ಲಿ ಎಕ್ಸ್‌ಜಡ್ ಎಂಬ ಉಪಕರಣದ ಮೂಲಕ್ಕೇ ಯಾರೋ ಕಳ್ಳಬಾಗಿಲು ಸೇರಿಸಿದ್ದುದು ಬೆಳಕಿಗೆ ಬಂದಾಗ, ಅದನ್ನು ಹಿಡಿದುದು ಯಾವ ತಾಳೆಪಟ್ಟಿಯೂ ಅಲ್ಲ. ತನ್ನ ಯಂತ್ರ ಎಂದಿಗಿಂತ ಅರ್ಧ ಸೆಕೆಂಡು ತಡಮಾಡುತ್ತಿದೆಯೇಕೆಂದು ಬೆನ್ನುಹತ್ತಿದ ಒಬ್ಬ ಎಂಜಿನಿಯರಿನ ಹಟ.

ಬಾಗಿಲಿನ ಫಲಕವನ್ನೇ ಕದ್ದು ಬದಲಾಯಿಸಿದ ಪ್ರಕರಣವೂ ಉಂಟು. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ತಾಣಕ್ಕೆ ನುಗ್ಗಿದವರು, ಒಂದು ಆವೃತ್ತಿಯನ್ನು ಇಳಿಸಿಕೊಳ್ಳುವ ಕೊಂಡಿಯನ್ನು ತಮ್ಮ ವಿಷದ ಪ್ರತಿಯತ್ತ ತಿರುಗಿಸಿದರು. ಕನ್ನಡಿಗಳಲ್ಲಿದ್ದ ಪ್ರತಿಗಳು ಕೆಟ್ಟಿರಲಿಲ್ಲ; ಕೆಟ್ಟುದು ದಾರಿ ತೋರಿಸುವ ಕೈ. ರುಜುವಿನ ಪಟ್ಟಿಯೊಂದಿಗೆ ತಾಳೆ ನೋಡಿದವರು ಪಾರಾಗಬಹುದಿತ್ತು. ತಾಳೆ ನೋಡುವವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಔಷಧದ ಸೀಸೆಯ ಮೇಲಿನ ತಾರೀಖನ್ನು ಓದುವವರಷ್ಟೇ ಇರಬಹುದು.

ಇಷ್ಟು ಸೊಗಸಾದ ಏರ್ಪಾಟಿಗೆ ಈಗ ಎರಡು ಕಡೆಯಿಂದ ಪೆಟ್ಟು. ಒಂದು, ನೀರು ಸೇದುವವರು ಮನುಷ್ಯರಾಗಿ ಉಳಿದಿಲ್ಲ. ದೊಡ್ಡ ಕಂಪನಿಗಳ ಯಂತ್ರಗಳು ಅದೇ ಕಡತವನ್ನು ದಿನಕ್ಕೆ ಸಾವಿರ ಸಲ, ಹಿಂದಿನ ಪ್ರತಿಯನ್ನು ಇಟ್ಟುಕೊಳ್ಳುವ ಸೌಜನ್ಯವನ್ನೂ ತೋರದೆ, ಹೊಸದಾಗಿ ಎಳೆದುಕೊಳ್ಳುತ್ತವೆ. ಕೃತಕ ಬುದ್ಧಿಗೆ ಮೇವು ಹುಡುಕುವ ಯಂತ್ರಗಳು ಹಗಲಿರುಳೆನ್ನದೆ ಬಾಗಿಲು ಬಡಿಯುತ್ತವೆ. ಈ ಹೊರೆಯನ್ನು ಕೆಲವೇ ದಾನಿಗಳು ಎಷ್ಟು ಕಾಲ ಹೊರಬೇಕೆಂದು ತಂತ್ರಾಂಶ ಭಂಡಾರಗಳನ್ನು ನಡೆಸುವ ಹಲವು ಸಂಸ್ಥೆಗಳು 2025ರ ಸೆಪ್ಟೆಂಬರಿನಲ್ಲಿ ಒಟ್ಟಾಗಿ ಬಹಿರಂಗಪತ್ರ ಬರೆಯಬೇಕಾಯಿತು. ಛತ್ರದ ಊಟಕ್ಕೆ ಸಾಹುಕಾರನು ತನ್ನ ಇಡೀ ಕಾರ್ಖಾನೆಯ ಆಳುಗಳನ್ನು ಮೂರು ಹೊತ್ತೂ ಕಳುಹಿಸಿದರೆ ಛತ್ರ ನಡೆಯುವುದೆಂತು?

ಇನ್ನೊಂದು ಪೆಟ್ಟು ಉಪಕಾರದ ವೇಷದಲ್ಲಿ ಬಂದಿದೆ. ಲೋಕದ ತುಂಬ ಸರ್ವರುಗಳನ್ನು ಹರಡಿರುವ ಫಾಸ್ಟ್ಲಿಯಂಥ ವ್ಯಾಪಾರಿ ಸಂಸ್ಥೆಗಳು ಡೆಬಿಯನ್ ಮೊದಲಾದವರಿಗೆ ಹಂಚಿಕೆಯ ಸೇವೆಯನ್ನು ಧರ್ಮಾರ್ಥವಾಗಿ ಕೊಡುತ್ತಿವೆ. ಸೇವೆ ಚುರುಕಾಗಿದೆ, ಅಚ್ಚುಕಟ್ಟಾಗಿದೆ. ಅದನ್ನು ಹಳಿಯುವುದು ಕೃತಘ್ನತೆ. ಆದರೆ 2021ರ ಜೂನ್ 8ರಂದು ಒಬ್ಬ ಗಿರಾಕಿ ತನ್ನ ಏರ್ಪಾಟಿನಲ್ಲಿ ಮಾಡಿದ ನ್ಯಾಯವಾದ ಬದಲಾವಣೆಯೊಂದು ಅದೇ ಸಂಸ್ಥೆಯ ಜಾಲದಲ್ಲಿ ಅಡಗಿದ್ದ ದೋಷವನ್ನು ಕೆರಳಿಸಿ, ಬ್ರಿಟಿಷ್ ಸರ್ಕಾರದ ತಾಣದಿಂದ ಹಿಡಿದು ದೊಡ್ಡ ದೊಡ್ಡ ಪತ್ರಿಕೆಗಳವರೆಗೆ ಎಷ್ಟನ್ನೋ ಸುಮಾರು ಒಂದು ಗಂಟೆಯ ಕಾಲ ಮಲಗಿಸಿತು. ಸಾಹುಕಾರನ ಕೆರೆ ಎಷ್ಟೇ ದೊಡ್ಡದಾದರೂ ಅದಕ್ಕೆ ತೂಬು ಒಂದೇ, ಬೀಗದ ಕೈಯೂ ಒಬ್ಬನದೇ. ಕೆರೆ ಬಂತೆಂದು ಜನ ಕೊಳಗಳ ಹೂಳೆತ್ತುವುದನ್ನು ಬಿಟ್ಟರೆ, ಬೀಗ ಬಿದ್ದ ದಿನ ಹೂಳಿನಲ್ಲಿ ನೀರು ಹುಡುಕಬೇಕಾದೀತು.

ಹೊಸ ಕೊಳ ತೋಡುವುದು ಅಷ್ಟೇನೂ ಕಷ್ಟವಲ್ಲವೆಂದು 2022ರಲ್ಲಿ ಅಮೆರಿಕದ ಕೆಲವು ಉತ್ಸಾಹಿಗಳು ತೋರಿಸಿಕೊಟ್ಟರು. ಕಚೇರಿಗಳು ಬಳಸಿ ಬಿಟ್ಟ, ಪುಸ್ತಕದಷ್ಟು ಗಾತ್ರದ ಅಗ್ಗದ ಯಂತ್ರಕ್ಕೆ 2 ಟೆರಾಬೈಟಿನ ಡಿಸ್ಕ್ ಕೂರಿಸಿ, ಸಂಪರ್ಕ ಒದಗಿಸುವ ಕಂಪನಿಗಳ ಕೋಣೆಗಳಲ್ಲಿ ಒಂದೊಂದನ್ನು ಇಟ್ಟರು. ಇಡೀ ಭಂಡಾರಕ್ಕೆ ಅದರಲ್ಲಿ ಜಾಗವಿಲ್ಲ. ಜನ ಹೆಚ್ಚಾಗಿ ಕೇಳುವುದನ್ನು ಮಾತ್ರ ಆರಿಸಿಟ್ಟರು. ‘ಸೂಕ್ಷ್ಮ ಕನ್ನಡಿ’ ಎಂದು ಅದಕ್ಕೆ ಹೆಸರಿಟ್ಟರು.

ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ 2010ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಜ್ಞಾನಜಾಲದ ಅಗಲವಾದ ಸಂಪರ್ಕವಿದೆ. ರಾತ್ರಿ ಹತ್ತರ ಮೇಲೆ, ಪ್ರಯೋಗಶಾಲೆಗಳಿಗೆ ಬೀಗ ಬಿದ್ದ ಮೇಲೆ, ಆ ದಾರಿಯಲ್ಲಿ ಸಂಚಾರವೇ ವಿರಳ. ಎಂಜಿನಿಯರಿಂಗ್ ಕಾಲೇಜುಗಳಿಗಂತೂ ಈ ರಾಜ್ಯದಲ್ಲಿ ಕೊರತೆಯಿಲ್ಲ. ಇದ್ದರೂ ಡೆಬಿಯನ್ ಪ್ರಕಟಿಸುವ ಕನ್ನಡಿಗಳ ಪಟ್ಟಿಯನ್ನು ತೆರೆದರೆ ಜರ್ಮನಿಯ ಹೆಸರಿನ ಕೆಳಗೆ ಉದ್ದನೆಯ ಸಾಲು, ಭಾರತದ ಕೆಳಗೆ ಬೆರಳೆಣಿಕೆ. ಬೆಂಗಳೂರನ್ನು ತಂತ್ರಾಂಶದ ರಾಜಧಾನಿಯೆಂದು ಕರೆದುಕೊಳ್ಳುವ ನಾಡಿಗೆ ಇದು ಶೋಭಿಸುವ ಲೆಕ್ಕವಲ್ಲ.

ಹಾಗೆಂದು ಉತ್ಸಾಹದಲ್ಲಿ ತೋಡಿ, ಉದ್ಘಾಟನೆಯ ಚಿತ್ರ ತೆಗೆಸಿ, ಮಾರನೆಯ ವರ್ಷ ಮರೆತುಬಿಡುವ ಕೊಳವೂ ಬೇಡ. ಹೊಸ ನೀರು ಬಾರದ ಕನ್ನಡಿ ಇಲ್ಲದ್ದಕ್ಕಿಂತ ಕೇಡು. ಕಳ್ಳದಾರಿಗಳನ್ನು ಮುಚ್ಚುವ ತಿದ್ದುಪಡಿಗಳು ಅಲ್ಲಿಗೆ ತಲುಪುವುದಿಲ್ಲ, ಅದನ್ನು ನಂಬಿದವರಿಗೆ ಅದು ತಿಳಿಯುವುದೂ ಇಲ್ಲ. ಇದನ್ನು ಅರಿತೇ ಡೆಬಿಯನ್ ತನ್ನ ರಕ್ಷಣಾ ಸೂಚಿಪತ್ರದ ಮೇಲೆ ವಾಯಿದೆಯ ತಾರೀಖನ್ನು ಬರೆಯುತ್ತದೆ. ಆ ತಾರೀಖು ದಾಟಿದ ಪ್ರತಿ ಎದುರಾದರೆ ಮನೆಯ ಯಂತ್ರ ತಾನೇ ತಕರಾರು ಮಾಡಿ ನಿಲ್ಲುತ್ತದೆ. ನೋಡಿಕೊಳ್ಳಲಾರದವರು ಒಂದು ಕಾಗದ ಬರೆದು ತಮ್ಮ ಹೆಸರನ್ನು ಪಟ್ಟಿಯಿಂದ ತೆಗೆಸಬಹುದು; ಬಾಗಿಲಲ್ಲಿ ನಿಂತ ಸೋದರಮಾವ ಅಂದಿನಿಂದ ಅತಿಥಿಗಳನ್ನು ಬೇರೆ ಸಾಲಿಗೆ ಕಳುಹಿಸುತ್ತಾನೆ.